ದೂರು ಸಂಖ್ಯೆ ಒಂದು

ಮಾರ್ಚ್ ೪

ತಮ್ಮನಿಗೆ,

ನಿನ್ನ ಪಾರ್ಸೆಲ್ ತಲುಪಿತು. ಉಭಯ ಕುಶಲೋಪರಿ ಎಂದು ಶುರು ಮಾಡುವುದಿಲ್ಲ. ನಿನ್ನ ಕುಶಲ ಆ ನೀಲಿ ರಟ್ಟಿನ ಪುಸ್ತಕದಲ್ಲಿ ಮುನ್ನೂರ ನಲವತ್ತು ಪುಟ ತುಂಬಿದೆ. ನಮ್ಮ ಕುಶಲ ನೀನು ಕೇಳಿಲ್ಲ.

ಮೇಲೆ ಒಂದು ಚೀಟಿ ಅಂಟಿಸಿದ್ದೀಯ: 'ಅಕ್ಕಾ, ಪುಟ ಮೂರು, ಹನ್ನೊಂದು, ಇಪ್ಪತ್ತೆಂಟರಲ್ಲಿ ಪೆನ್ಸಿಲ್ ಗುರುತು ಇರೋ ಕಡೆ ಸಹಿ ಹಾಕಿ ಕಳಿಸು.' ಹತ್ತೊಂಬತ್ತು ತಿಂಗಳಾದ ಮೇಲೆ ತಮ್ಮನ ಕೈಯಿಂದ ಬಂದ ಮೊದಲ ಅಕ್ಷರಗಳು ಇವು. ಪುಟ ಮೂರು ಓದಿದೆ. ಮನೆಮನೆಗೆ ಹೋಗಿ ರೋಗಿಗಳ ಶುಶ್ರೂಷೆ ಮಾಡುವ ಸಂಸ್ಥೆ ತೆರೆಯುತ್ತಿದ್ದೀಯಂತೆ. ಅದಕ್ಕೆ ನೀನು ಮುಖ್ಯ ಆಡಳಿತಾಧಿಕಾರಿಯಂತೆ, ನಾನು ಶುಶ್ರೂಷಾ ಮೇಲ್ವಿಚಾರಕಿಯಂತೆ. ನಿವೃತ್ತಳಾಗಿ ಐದು ವರ್ಷದ ಮೇಲೆ ನನಗೇ ಗೊತ್ತಿಲ್ಲದೆ ನನಗೆ ಕೆಲಸ ಸಿಕ್ಕಿದೆ!

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರಂತೆ. ನಿನಗೆ ಇನ್ನೂ ಒಬ್ಬ ರೋಗಿ ಇಲ್ಲ. ರೋಗಿ ಸತ್ತರೆ ಯಾವ ಬಣ್ಣದ ಫಾರಂ ತುಂಬಬೇಕು ಎನ್ನುವುದಕ್ಕೆ ಆಗಲೇ ಎರಡು ಪುಟ ಇದೆ. ಇದನ್ನು ನೀನು ಬರೆದಿಲ್ಲ, ಯಾರೋ ಸಲಹೆಗಾರನಿಂದ ಹೊಲಿದಿಟ್ಟ ಅಂಗಿ ಕೊಂಡ ಹಾಗೆ ಕೊಂಡಿದ್ದೀಯ. ಅಂಗೈ ಹುಣ್ಣಿಗೆ ಕನ್ನಡಿ ಬೇಕಿಲ್ಲ. ಪುಟ ನೂರ ನಲವತ್ತು ಓದಿದ್ದೀಯಾ? 'ರೋಗಿಯನ್ನು ದೋಣಿಯಲ್ಲಿ ಸಾಗಿಸುವಾಗ ಮೇಲ್ವಿಚಾರಕಿಯು ದೋಣಿಯ ಹಿಂಭಾಗದಲ್ಲಿ ಕುಳಿತಿರತಕ್ಕದ್ದು.' ಪಾರ್ಸೆಲ್ ಮೇಲಿನ ವಿಳಾಸ ನೋಡಿದೆ. ನಿನ್ನ ಆಫೀಸು ಟೈರ್ ಅಂಗಡಿಯ ಮಹಡಿಯ ಮೇಲೆ. ಅಲ್ಲಿ ಸುತ್ತಮುತ್ತ ನೀರೆಂದರೆ ಪಂಕ್ಚರ್ ಆದ ಟ್ಯೂಬ್ ಅದ್ದುವ ತೊಟ್ಟಿ ಒಂದೇ. ಆ ತೊಟ್ಟಿಯಲ್ಲಿ ನನ್ನನ್ನು ಯಾವ ದೋಣಿಯ ಹಿಂಭಾಗದಲ್ಲಿ ಕೂರಿಸುತ್ತೀಯಪ್ಪಾ?

ಹದಿನೆಂಟು ವರ್ಷ ಆಸ್ಪತ್ರೆಗಳಿಗೆ ಮಂಚ ಮಾರಿದವನು ನೀನು. ಮಂಚದ ಮೇಲೆ ಮಲಗಿದವರನ್ನು ಮುಟ್ಟಿದವನಲ್ಲ. ನಾನು ಮೂವತ್ತೊಂದು ವರ್ಷ ವಾರ್ಡಿನಲ್ಲಿ ನಿಂತವಳು. ನನ್ನ ಸಹಿ ಪೆನ್ಸಿಲ್ ಗುರುತು ಕಂಡ ಕಡೆ ಬೀಳುವ ಜಾತಿಯದಲ್ಲ.

ಫೋನ್ ಮಾಡಬೇಡ, ನಾನು ಎತ್ತುವುದಿಲ್ಲ. ಏನಿದ್ದರೂ ಬರೆದು ಕಳಿಸು. ನಿನ್ನ ಪುಸ್ತಕದ ಒಂಬತ್ತನೇ ಪುಟದಲ್ಲೇ ಇದೆಯಲ್ಲ, 'ಬರೆದಿಡದೆ ಇದ್ದದ್ದು ನಡೆದಿಲ್ಲ' ಅಂತ. ಮುನ್ನೂರ ನಲವತ್ತು ಪುಟದಲ್ಲಿ ಅದೊಂದು ಮಾತು ನಿಜ.

ಇಂತಿ,
ನಿನ್ನ ಅಕ್ಕ
(ಮೇಲ್ವಿಚಾರಕಿ ಅಲ್ಲ)

•

ಮಾರ್ಚ್ ೧೧

ಅಕ್ಕನಿಗೆ ನಮಸ್ಕಾರಗಳು.

ನಿನ್ನ ಪತ್ರ ಓದಿ ಸಂತೋಷವಾಯಿತು. ನಿನ್ನ ತಮಾಷೆಯ ಸ್ವಭಾವ ಹಾಗೇ ಇದೆ. ದೋಣಿಯ ವಿಚಾರ ಸಲಹೆಗಾರರ ಗಮನಕ್ಕೆ ತಂದಿದ್ದೇನೆ. ಅವರ ಹಿಂದಿನ ಗಿರಾಕಿ ಯಾವುದೋ ದ್ವೀಪದವರಂತೆ. ಪುಟ ತೆಗೆದರೆ ಪುಟಸಂಖ್ಯೆ ಕೆಡುತ್ತದೆ, ಇರಲಿ ಬಿಡಿ ಎಂದರು.

ವಿಷಯಕ್ಕೆ ಬರುತ್ತೇನೆ. ಲೈಸೆನ್ಸ್ ಸಿಗಬೇಕಾದರೆ ಎರಡು ಮುಖ್ಯ ಷರತ್ತು. ಒಂದು, ಹತ್ತು ವರ್ಷಕ್ಕಿಂತ ಹೆಚ್ಚು ಅನುಭವ ಇರುವ ನರ್ಸ್ ಒಬ್ಬರು ಮೇಲ್ವಿಚಾರಕಿಯಾಗಿ ಇರಬೇಕು. ಎರಡು, ತಪಾಸಣೆಗೆ ಮುಂಚೆ ಸಂಸ್ಥೆಯು ಕನಿಷ್ಠ ಒಬ್ಬ ರೋಗಿಯನ್ನು ಅರವತ್ತು ದಿನ ನೋಡಿಕೊಂಡಿದ್ದು, ದಿನದಿನದ ದಾಖಲೆ ಇರಬೇಕು. ಲೈಸೆನ್ಸ್ ಇಲ್ಲದೆ ರೋಗಿ ಎಲ್ಲಿಂದ ತರುವುದು ಎಂದು ತಲೆ ಕೆಡಿಸಿಕೊಂಡಿದ್ದೆ. ಆಗ ಅಪ್ಪನ ನೆನಪಾಯಿತು.

ಹೇಗೂ ಪಾರ್ಶ್ವವಾಯು ಹೊಡೆದಾಗಿನಿಂದ ಅವರನ್ನು ನೀನೇ ನೋಡಿಕೊಳ್ಳುತ್ತಿದ್ದೀಯ. ಹೊಸದಾಗಿ ಏನೂ ಮಾಡಬೇಕಿಲ್ಲ, ಮಾಡಿದ್ದನ್ನು ನಮ್ಮ ಫಾರಂನಲ್ಲಿ ಬರೆದಿಟ್ಟರೆ ಆಯಿತು. ಇದರ ಜೊತೆ 'ರೋಗಿಯ ಹಕ್ಕುಗಳು' ಎಂಬ ಹನ್ನೊಂದು ಪುಟದ ಫಾರಂ ಮತ್ತು ದೂರು ಪುಸ್ತಕ ಇದೆ. ಫಾರಂನ ಕೊನೆಯ ಪುಟದಲ್ಲಿ ಅಪ್ಪನ ಹೆಬ್ಬೆಟ್ಟು ಒತ್ತಿಸು. ದೂರು ಪುಸ್ತಕ ಸುಮ್ಮನೆ ಗೋಡೆಗೆ ತೂಗುಹಾಕಿರಬೇಕು, ಅಷ್ಟೇ.

ಒಂಬತ್ತು ಜನ ಹೆಂಗಸರು ತರಬೇತಿ ಮುಗಿಸಿ ಕೆಲಸಕ್ಕಾಗಿ ನನ್ನ ಮುಖ ನೋಡುತ್ತಾ ಕೂತಿದ್ದಾರೆ. ನಾನು ಇದ್ದ ಕೆಲಸವನ್ನೂ ಬಿಟ್ಟಾಗಿದೆ. ಈ ಗಡಿಬಿಡಿ ಮುಗಿದ ಕೂಡಲೇ ಖಂಡಿತ ಬರುತ್ತೇನೆ. ಅಪ್ಪನಿಗೆ ನಮಸ್ಕಾರ ತಿಳಿಸು.

ನಿನ್ನ ತಮ್ಮ,
ಮುಖ್ಯ ಆಡಳಿತಾಧಿಕಾರಿ
'ಆರೈಕೆ — ನಿಮ್ಮ ಬಾಗಿಲಿಗೆ'

•

ಮಾರ್ಚ್ ೨೦

ಮುಖ್ಯ ಆಡಳಿತಾಧಿಕಾರಿಗಳಿಗೆ,

'ಆಗ ಅಪ್ಪನ ನೆನಪಾಯಿತು.' ಈ ಸಾಲನ್ನು ನಾಲ್ಕು ಸಲ ಓದಿದೆ. ಹೋಗಲಿ, ಯಾವುದೋ ಷರತ್ತಿನ ಪುಣ್ಯದಿಂದ ನೆನಪಾಯಿತಲ್ಲ. 'ಆರೈಕೆ — ನಿಮ್ಮ ಬಾಗಿಲಿಗೆ' ಎಂದು ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸಿದ್ದೀಯ. ನಮ್ಮ ಬಾಗಿಲು ಯಾವ ಬಣ್ಣ ಹೇಳು ನೋಡೋಣ.

ಹೋದ ಸಲ ಬಂದಾಗ ನೀನು ಅಪ್ಪನ ಕೋಣೆಯಲ್ಲಿ ಕೂತದ್ದು ಹನ್ನೆರಡು ನಿಮಿಷ. ಕುರ್ಚಿಯ ತುದಿಯಲ್ಲಿ, ಕೈಯಲ್ಲಿ ಕಾರಿನ ಕೀಲಿ ಹಿಡಿದುಕೊಂಡು, ಮಂಚ ಬಿಟ್ಟು ಬೇರೆ ಎಲ್ಲ ಕಡೆ ನೋಡುತ್ತಾ. ಹೊರಡುವಾಗ 'ಅಪ್ಪ ಚೆನ್ನಾಗಿದಾರೆ' ಅಂದೆ. ಬಲಗೈ, ಬಲಗಾಲು ಬಿದ್ದುಹೋಗಿ, ಮಾತು ನಾಲ್ಕೈದಕ್ಕೆ ಇಳಿದ ಮನುಷ್ಯ ಚೆನ್ನಾಗಿದ್ದಾರೆ! ನಿನ್ನ ಸಲಹೆಗಾರನಿಗೆ ಹೇಳು, ಈ ಮಾತಿಗೂ ಒಂದು ಫಾರಂ ಮಾಡಲಿ.

ನಾನು ಎಲ್ಲವನ್ನೂ ಕಟ್ಟಿ ವಾಪಸ್ ಕಳಿಸುವವಳಿದ್ದೆ. ಅಪ್ಪ ನೋಡಿಬಿಟ್ಟರು. ನಿನಗೆ ಗೊತ್ತಲ್ಲ, ತೂಕ ಮತ್ತು ಅಳತೆ ಇಲಾಖೆಯಲ್ಲಿ ಮೂವತ್ತು ವರ್ಷ ಅಂಗಡಿ ಅಂಗಡಿ ಹತ್ತಿಳಿದು ತಕ್ಕಡಿ ಪರೀಕ್ಷೆ ಮಾಡಿದ ಮನುಷ್ಯನಿಗೆ ಅಚ್ಚಾದ ಫಾರಂ ಕಂಡರೆ ಕೈ ಸುಮ್ಮನಿರುವುದಿಲ್ಲ. 'ಏನು?' ಅಂದರು. 'ನಿಮ್ಮ ಮಗನ ನಾಟಕ. ಹೆಬ್ಬೆಟ್ಟು ಒತ್ತಬೇಕಂತೆ' ಅಂದೆ. 'ಓದು' ಅಂದರು.

ಹನ್ನೊಂದು ಪುಟಕ್ಕೆ ಐದು ದಿನ ಹಿಡಿಯಿತು. ಪ್ರತಿ ಕಲಮಿಗೂ ಕಣ್ಣು ಮುಚ್ಚಿ ಯೋಚಿಸುತ್ತಾರೆ, ಆಮೇಲೆ 'ಹೂಂ' ಅನ್ನುತ್ತಾರೆ, ಇಲ್ಲವೇ 'ಸುಳ್ಳು' ಅನ್ನುತ್ತಾರೆ. 'ಸಂಸ್ಥೆಯು ರೋಗಿಯನ್ನು ಕುಟುಂಬದ ಸದಸ್ಯನಂತೆ ಕಾಣುತ್ತದೆ' ಎಂಬುದಕ್ಕೆ ಅವರು ನಕ್ಕರು. ವರ್ಷಕ್ಕೊಮ್ಮೆ ನಗುವ ಮನುಷ್ಯ. ಹದಿನಾಲ್ಕನೇ ಕಲಮನ್ನು ಎರಡು ಸಲ ಓದಿಸಿದರು. ಯಾಕೆಂದು ಹೇಳಲಿಲ್ಲ.

ಕೊನೆಗೆ ನಾನು ಸಹಿ ಬೇಡ ಅಂದೆ, ಅವರು ಬೇಕೆಂದು 'ಹೂಂ' ಅಂದರು. ಹೆಬ್ಬೆಟ್ಟು ಒತ್ತಲಿಲ್ಲ. ಎಡಗೈಯಲ್ಲಿ ಪೆನ್ನು ಹಿಡಿದು, ಹತ್ತು ನಿಮಿಷ ಬೆವರು ಸುರಿಸಿ, ಪೂರ್ತಿ ಸಹಿ ಹಾಕಿದರು. ಅವರ ಸಹಿ ಬಿದ್ದ ಮೇಲೆ ನನ್ನದೂ ಬೀಳಲೇಬೇಕಾಯಿತು. ಹಾಗಾಗಿ ಅಪ್ಪ ಇಂದಿನಿಂದ ನಿನ್ನ ರೋಗಿ ಸಂಖ್ಯೆ ೦೦೧. ಅರವತ್ತು ದಿನ ನಾನು ಬರೆಯುತ್ತೇನೆ, ನಡೆದದ್ದನ್ನು ಮಾತ್ರ.

ಅಕ್ಕ
(ಈಗ ಮೇಲ್ವಿಚಾರಕಿ, ನಿನ್ನ ಗ್ರಹಚಾರ)

•

ಏಪ್ರಿಲ್ ೬

ಅಕ್ಕನಿಗೆ ನಮಸ್ಕಾರಗಳು.

ಮೊದಲ ಹದಿನೈದು ದಿನದ ದಾಖಲೆ ತಲುಪಿತು. ಸಲಹೆಗಾರರು ನಿನ್ನ ಅಕ್ಷರ ಮುತ್ತಿನ ಹಾಗಿದೆ ಎಂದರು. ಆದರೆ ಒಂದೆರಡು ತಿದ್ದುಪಡಿ ಬೇಕಂತೆ.

ಮಾರ್ಚ್ ೨೬ರಂದು ಹೀಗೆ ಬರೆದಿದ್ದೀಯ: 'ಮಧ್ಯಾಹ್ನ ಮೂರು ಗಂಟೆ. ಬೀದಿಯಲ್ಲಿ ಕಾರು ನಿಂತ ಸದ್ದು. ರೋಗಿ ತಲೆ ಎತ್ತಿ ನೋಡಿದರು. ಪಕ್ಕದ ಮನೆಗೆ ಬಂದವರು. ರೋಗಿ ತಲೆ ಇಳಿಸಿದರು.' ಇಂಥದ್ದಕ್ಕೆ ಫಾರಂನಲ್ಲಿ ಕಾಲಂ ಇಲ್ಲ. ನಾಡಿ, ಜ್ವರ, ಊಟ, ಮಲಮೂತ್ರ, ಇಷ್ಟು ಸಾಕು.

ಇನ್ನೊಂದು, ಸಂಸ್ಥೆಯ ಮುಖ್ಯಸ್ಥರು ಹದಿನೈದು ದಿನಕ್ಕೊಮ್ಮೆ ರೋಗಿಯನ್ನು ಕಂಡು ಬರಬೇಕೆಂಬ ನಿಯಮ ಇದೆ. ಆ ಕಾಲಂ ಖಾಲಿ ಬಿಟ್ಟಿದ್ದೀಯ. ಮಾರ್ಚ್ ೨೨, ಏಪ್ರಿಲ್ ೫, ಏಪ್ರಿಲ್ ೧೯, ಮೇ ೩ ಎಂದು ತುಂಬಿಬಿಡು. ನಿಜವಾಗಲೂ ಬರುವ ಮನಸ್ಸಿತ್ತು. ತಪಾಸಣೆ ಮೇ ೨೦ಕ್ಕೆ ನಿಗದಿಯಾಗಿದೆ, ಉಸಿರಾಡಲು ಪುರುಸೊತ್ತಿಲ್ಲ.

ನಿನ್ನ ತಮ್ಮ,
ಮುಖ್ಯ ಆಡಳಿತಾಧಿಕಾರಿ

•

ಏಪ್ರಿಲ್ ೧೨

ತಮ್ಮನಿಗೆ,

ಇನ್ನೂ ಬಾರದ ತಾರೀಖುಗಳಲ್ಲಿ ಕೂಡ ನೀನು ಬಂದುಹೋಗಿದ್ದೀಯ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವವಳು ನಿನ್ನ ಅಕ್ಕನಲ್ಲ. ವಾರ್ಡಿನಲ್ಲಿ ಸತ್ತವರ ಕಾಲ್ಬೆರಳಿಗೆ ನಾನು ಎಷ್ಟೋ ಚೀಟಿ ಕಟ್ಟಿದ್ದೇನೆ. ಒಂದರ ಮೇಲೂ ಸುಳ್ಳು ಗಂಟೆ ಬರೆದಿಲ್ಲ. ಕಾಲಂ ಖಾಲಿಯೇ ಇರುತ್ತದೆ.

ಇನ್ನೊಂದು ವಿಷಯ. ಅಪ್ಪ ನಿನ್ನೆ ಗೋಡೆಯ ಕಡೆ ಕೈ ತೋರಿಸಿ ದೂರು ಪುಸ್ತಕ ಕೇಳಿದರು. 'ಏನು ಬೇಕಪ್ಪಾ, ನಾನು ಮಾಡ್ತೀನಿ' ಅಂದೆ. 'ನೀನಲ್ಲ' ಅಂದರು. ಇವತ್ತು ಬೆಳಗಿನಿಂದ ಊಟದ ಹೊತ್ತಿನವರೆಗೆ ಬರೆದರು. ನನ್ನನ್ನು ಹತ್ತಿರ ಬಿಡಲಿಲ್ಲ. ಅಕ್ಷರ ಅಕ್ಷರ ಹಾಗೇ ನಕಲು ಮಾಡಿದ್ದೇನೆ:

'ದೂರು ಸಂಖ್ಯೆ ೧. ಮಂಚದ ಎಡಗಡೆಯ ಎರಡು ಕಾಲು ಮುಕ್ಕಾಲು ಅಂಗುಲ ಗಿಡ್ಡ. ಮೊದಲ ದಿನದಿಂದ. ಕೊಟ್ಟವನಿಗೆ ಗೊತ್ತು.'

ಹದಿನಾಲ್ಕನೇ ಕಲಮು ನೀನು ಓದಿಲ್ಲ ಎಂದು ಗೊತ್ತು, ಬರೆಯುತ್ತೇನೆ. 'ರೋಗಿಯು ದೂರು ಬರೆದಲ್ಲಿ ಏಳು ದಿನಗಳೊಳಗೆ ಸಂಸ್ಥೆಯ ಮುಖ್ಯಸ್ಥರು ಸ್ವತಃ ರೋಗಿಯ ಬಳಿಗೆ ಬಂದು, ದೂರನ್ನು ಕೇಳಿ, ಪರಿಹಾರವನ್ನು ರೋಗಿಯ ಎದುರಿನಲ್ಲೇ ಪುಸ್ತಕದಲ್ಲಿ ದಾಖಲಿಸತಕ್ಕದ್ದು.' ಸ್ವತಃ ಎಂದಿದೆ. ನೀನೇ ಕೊಂಡು ತಂದ ಪುಸ್ತಕ.

'ಕೊಟ್ಟವನಿಗೆ ಗೊತ್ತು' ಅಂದರೆ ಏನು? ಮಂಚ ಕೊಟ್ಟವನು ನೀನು.

ಅಕ್ಕ

•

ಏಪ್ರಿಲ್ ೧೭

ಮಾನ್ಯರೇ,

ನಿಮ್ಮ ದೂರು ಸಂಖ್ಯೆ ೧ ನಮಗೆ ತಲುಪಿದೆ. ತಮಗಾದ ಅನಾನುಕೂಲಕ್ಕೆ ಸಂಸ್ಥೆ ವಿಷಾದಿಸುತ್ತದೆ. ಏಪ್ರಿಲ್ ೨೧ರಂದು ಹೊಸ ಮಂಚವನ್ನು ಕೆಲಸಗಾರರ ಮೂಲಕ ಕಳಿಸಲಾಗುವುದು.

ಅಕ್ಕಾ, ಮೇಲಿನದನ್ನು ಸಲಹೆಗಾರರು ಬರೆಸಿದ್ದು. ಹೊಸ ಮಂಚ ಒಳ್ಳೆಯದು, ಗುಂಡಿ ಒತ್ತಿದರೆ ಏಳುತ್ತದೆ. ದಯವಿಟ್ಟು ಆ ಪುಟ ಹರಿದುಬಿಡು. ತಪಾಸಣೆಯ ದಿನ ಪುಸ್ತಕದಲ್ಲಿ ಬಾಕಿ ದೂರು ಕಂಡರೆ ಲೈಸೆನ್ಸ್ ಕೊಡುವುದಿಲ್ಲವಂತೆ. ಬೇರೆ ಸಂಸ್ಥೆಗಳ ದೂರು ಪುಸ್ತಕವೆಲ್ಲ ಖಾಲಿ ಇರುತ್ತವಂತೆ. ಮಂಚದ ವಿಷಯ ಆಮೇಲೆ ಮಾತಾಡೋಣ.

ತಮ್ಮ

•

ಏಪ್ರಿಲ್ ೨೪

ತಮ್ಮನಿಗೆ,

'ಮಾನ್ಯರೇ' ಎಂಬುದನ್ನು ಅಪ್ಪನಿಗೆ ಓದಿ ಹೇಳಿದೆ. ಅವರು ಕಿಟಕಿ ಕಡೆ ಮುಖ ತಿರುಗಿಸಿದರು. ಹೆತ್ತ ತಂದೆಯನ್ನು ಮಾನ್ಯರೇ ಎನ್ನಲು ಸಂಬಳ ಕೊಟ್ಟು ಒಬ್ಬನನ್ನು ಇಟ್ಟುಕೊಂಡಿದ್ದೀಯಲ್ಲ, ನಿನ್ನ ಜನ್ಮಕ್ಕಿಷ್ಟು.

ನಿನ್ನ ಹೊಸ ಮಂಚ ಬಂತು. ಇಬ್ಬರು ಹೊತ್ತುಕೊಂಡು ಮೆಟ್ಟಿಲು ಹತ್ತಿದರು. ಅಪ್ಪ ಹಳೇ ಮಂಚದ ಸರಳನ್ನು ಎಡಗೈಯಲ್ಲಿ ಬಿಗಿಯಾಗಿ ಹಿಡಿದುಕೊಂಡು 'ಬೇಡ' ಅಂದರು. ಅವರಲ್ಲೊಬ್ಬ 'ಅಜ್ಜಾ, ಇದು ಮೋಟಾರಿಂದು, ಸುಖವಾಗಿ ಮಲಕೋಬಹುದು' ಎಂದು ಪುಸಲಾಯಿಸಿದ. 'ಅವನು ಬರಲಿ' ಅಂದರು. ಪಾರ್ಶ್ವವಾಯು ಹೊಡೆದ ಮೇಲೆ ಅವರ ಬಾಯಿಂದ ಎರಡು ಮಾತು ಕೂಡಿ ಬಂದದ್ದು ಅಪರೂಪ. ಮಂಚ ಬಂದ ದಾರಿಯಲ್ಲೇ ಹೋಯಿತು.

ಈಗ ನನ್ನ ವಿಷಯ ಹೇಳುತ್ತೇನೆ, ನಿನಗೆ ನಗು ಬಂದರೆ ನಗು. ಅವರು ಹೋದ ಮೇಲೆ ಊಟದ ತಟ್ಟೆಯಲ್ಲಿ ಒಂದಿಷ್ಟು ನೀರು ಹಾಕಿ ಹಾಸಿಗೆಯ ಹಲಗೆಯ ಮೇಲೆ ಇಟ್ಟು ನೋಡಿದೆ. ನೀರೆಲ್ಲ ಎಡಗಡೆಗೆ ಓಡಿ ನಿಂತಿತು. ನಾಲ್ಕು ವರ್ಷ! ನಾಲ್ಕು ವರ್ಷದಿಂದ ಅವರು ಎಡಕ್ಕೆ ಜಾರುತ್ತಿದ್ದರು, ನಾನು ದಿಂಬು ಕೊಟ್ಟು ನೆಟ್ಟಗೆ ಮಾಡುತ್ತಿದ್ದೆ. ಎಡ ಸೊಂಟದಲ್ಲಿ ಹುಣ್ಣಾದಾಗ ಅವರ ಮೈಯನ್ನು ಬೈದೆ, ವಯಸ್ಸನ್ನು ಬೈದೆ, ಬಾಡಿಗೆ ಮನೆಯ ನೆಲ ಡೊಂಕು ಎಂದುಕೊಂಡೆ. ಕುಣಿಯಲಾರದವಳ ಗಾದೆ ನನಗೇ ಬಂತು. ಮೂವತ್ತೊಂದು ವರ್ಷ ವಾರ್ಡಿನಲ್ಲಿ ಎಳೆ ನರ್ಸುಗಳನ್ನು 'ಕಣ್ಣು ಎಲ್ಲಿಟ್ಟಿದೀಯೇ' ಎಂದು ಗದರಿಸಿದ ಮಹಾತಾಯಿಯ ಕಣ್ಣು ಎಲ್ಲಿತ್ತು ನೋಡು. ನನಗೆ ನಾಚಿಕೆಯಾಯಿತು. ಅಳು ಕೂಡ ಬಂತು.

'ಯಾಕಪ್ಪಾ ಹೇಳ್ಲಿಲ್ಲ ಇಷ್ಟು ದಿನ?' ಎಂದು ಕೇಳಿದೆ. ಗೋಡೆ ತೋರಿಸಿದರು. 'ಪುಸ್ತಕ ಇರ್ಲಿಲ್ಲ' ಅಂದರು.

ಪುಟ ಹರಿಯುವುದಿಲ್ಲ. ಏಳು ದಿನ ಮುಗಿದು ಐದು ದಿನವಾಯಿತು. ಹದಿನೈದನೇ ಕಲಮಿನ ಪ್ರಕಾರ, ಮೂವತ್ತು ದಿನದಲ್ಲಿ ಪರಿಹಾರವಾಗದ ದೂರನ್ನು ಮೇಲ್ವಿಚಾರಕಿ ಲೈಸೆನ್ಸ್ ಕಚೇರಿಗೆ ತಿಳಿಸಬೇಕು. ಮೇ ೧೨ರವರೆಗೆ ಕಾಯುತ್ತೇನೆ. ಆಮೇಲೆ ಬರೆಯುತ್ತೇನೆ. ತಮ್ಮ ಅಂತ ನೋಡುವುದಿಲ್ಲ.

ಅಕ್ಕ

•

ಮೇ ೫

ಅಕ್ಕಾ,

ಇದನ್ನು ಟೈಪ್ ಮಾಡಿಸಿಲ್ಲ, ಸಲಹೆಗಾರರಿಗೂ ತೋರಿಸಿಲ್ಲ.

ನನಗೆ ಗೊತ್ತಿತ್ತು. ಆ ಮಂಚ ಕಾರ್ಖಾನೆಯಲ್ಲಿ ತಿರಸ್ಕಾರವಾದ ಮಾಲು. ಕಾಲುಗಳನ್ನು ತಪ್ಪು ಅಳತೆಗೆ ಕತ್ತರಿಸಿದ್ದರು. ಗುಜರಿಗೆ ಹೋಗಬೇಕಾದದ್ದನ್ನು ಕೇಳಿ ತಂದೆ. ಅಪ್ಪ ಆಸ್ಪತ್ರೆಯಿಂದ ಬರುವ ದಿನ ಬೇಗ ಏನಾದರೂ ಬೇಕಿತ್ತು. ರಟ್ಟು ಮಡಚಿ ಎಡಗಾಲುಗಳ ಕೆಳಗೆ ಇಟ್ಟೆ. ಒಂದು ವಾರದಲ್ಲಿ ಒಳ್ಳೆಯದು ತಂದುಹಾಕೋಣ ಎಂದುಕೊಂಡೆ. ವಾರ ತಿಂಗಳಾಯಿತು. ನೀನು ನೆಲ ಒರೆಸುವಾಗ ರಟ್ಟು ಹೋಗಿರಬೇಕು. ಮುಂದಿನ ಸಲ ಬಂದಾಗ ನೋಡಿದೆ, ಇರಲಿಲ್ಲ. ಹೇಳಲು ಬಾಯಿ ಬರಲಿಲ್ಲ.

ಅಂಗಡಿಯವನ ತಕ್ಕಡಿ ಒಂದು ಎಳೆ ಆಚೀಚೆಯಾದರೆ ಹಿಡಿಯುತ್ತಿದ್ದ ಮನುಷ್ಯನಿಗೆ ನಾನು ಸುಳ್ಳು ಮಂಚ ಕೊಟ್ಟೆ. ಆ ಕೋಣೆಗೆ ಬಂದಾಗ ಅವರು ನನ್ನನ್ನೇ ನೋಡುತ್ತಿದ್ದರು. ಅವರಿಗೆ ಗೊತ್ತಿದೆ ಎಂದು ನನಗೆ ಗೊತ್ತಾಗಿತ್ತು. ಅದಕ್ಕೇ ಬರುವುದು ಬಿಟ್ಟೆ. ಪುರುಸೊತ್ತಿಲ್ಲ ಎಂಬುದೆಲ್ಲ ಸುಳ್ಳು.

ಈಗಲೂ ಅವರಿಗೆ ಮುಖ ತೋರಿಸಲಾರೆ. ಅರ್ಜಿ ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಸಂಸ್ಥೆ ಬೇಡ. ಆ ಹೆಂಗಸರಿಗೆ ಏನಾದರೂ ಹೇಳುತ್ತೇನೆ.

ತಮ್ಮ

•

ಮೇ ೮

ತಮ್ಮನಿಗೆ,

ಅರ್ಜಿ ಹಿಂದಕ್ಕೆ ತೆಗೆದುಕೊಳ್ಳುತ್ತೀಯಂತೆ. ಅದನ್ನು ಯಾರು ಕೇಳಿದರು? ದೂರನ್ನು ಇನ್ನೊಮ್ಮೆ ಓದು. ನಿನ್ನ ತ್ಯಾಗ ಬೇಕು ಎಂದು ಅದರಲ್ಲಿ ಬರೆದಿಲ್ಲ. ಬೇಕಾದ್ದು ಮುಕ್ಕಾಲು ಅಂಗುಲ.

ನಿನ್ನ ಪತ್ರ ಓದಿ ಕರಗುತ್ತೇನೆ ಎಂದುಕೊಂಡಿದ್ದರೆ ತಪ್ಪು. ಮೊದಲು ಗುಜರಿ ಮಂಚ ಕೊಟ್ಟು ಓಡಿಹೋದೆ. ಈಗ ಒಂಬತ್ತು ಹೆಂಗಸರ ಕೆಲಸ ಕಳೆದು ಓಡಿಹೋಗುತ್ತೀಯ, ಅದಕ್ಕೆ ಪಶ್ಚಾತ್ತಾಪ ಎಂದು ಹೆಸರು ಬೇರೆ. ಓಡುವುದನ್ನು ಬಿಟ್ಟು ನಿನಗೆ ಬೇರೆ ಏನಾದರೂ ಬರುತ್ತದಾ? ಚಿಕ್ಕಂದಿನಲ್ಲೂ ಹಾಗೇ. ಗಾಜು ಒಡೆದು ಅಟ್ಟ ಹತ್ತಿ ಕೂತುಬಿಡುತ್ತಿದ್ದೆ. ಕೆಳಗೆ ಚೂರು ಆರಿಸುತ್ತಿದ್ದವಳು ನಾನು.

ಹದಿನೆಂಟು ವರ್ಷ ಮಂಚ ಮಾರಿದವನಿಗೆ ಎರಡು ಕಾಲು ಎತ್ತರಿಸುವುದು ಹೇಗೆಂದು ಗೊತ್ತಿರಬೇಕು. ಸ್ಪ್ಯಾನರ್ ತಗೊಂಡು ಬಾ. ಕೆಲಸಗಾರರನ್ನು ಕಳಿಸಬೇಡ, ಸಲಹೆಗಾರನನ್ನು ಕರೆತರಬೇಡ. ದಾರಿ ಮರೆತಿದ್ದರೆ ದೋಣಿಯಲ್ಲಾದರೂ ಬಾ, ಹಿಂಭಾಗದಲ್ಲಿ ನಾನು ಕೂತಿರುತ್ತೇನೆ.

ಬಾಗಿಲು ಹಸಿರು ಬಣ್ಣ.

ಅಕ್ಕ

•

[ದೂರು ಪುಸ್ತಕ, ಪುಟ ೧]

ದೂರು ಸಂಖ್ಯೆ: ೧

ಮುಖ್ಯಸ್ಥರು ರೋಗಿಯನ್ನು ಕಂಡ ದಿನ, ಹೊತ್ತು: ಮೇ ೧೧, ಬೆಳಿಗ್ಗೆ ಹತ್ತೂಕಾಲರಿಂದ ಮಧ್ಯಾಹ್ನ ಮೂರೂವರೆ.

ಕೈಗೊಂಡ ಪರಿಹಾರ: ಮಂಚದ ಎಡಗಡೆಯ ಕಾಲುಗಳಿಗೆ ಮುಕ್ಕಾಲು ಅಂಗುಲದ ಎರಡು ಉಕ್ಕಿನ ಟೋಪಿ ಮಾಡಿಸಿ ತಂದು ಹಾಕಿದೆ. ಅದಕ್ಕಾಗಿ ರೋಗಿಯನ್ನು ಮಂಚದಿಂದ ಎತ್ತಿ ಕುರ್ಚಿಯಲ್ಲಿ ಕೂರಿಸಬೇಕಾಯಿತು. ಎತ್ತಿದವನು ನಾನೇ. ಹಗುರವಾಗಿದ್ದಾರೆ. ಇಷ್ಟು ಹಗುರ ಎಂದು ಗೊತ್ತಿರಲಿಲ್ಲ. — ಮುಖ್ಯ ಆಡಳಿತಾಧಿಕಾರಿ

ಮೇಲ್ವಿಚಾರಕಿಯ ಟಿಪ್ಪಣಿ: ಮೇಲಿನ ಕೊನೆಯ ಎರಡು ವಾಕ್ಯಕ್ಕೆ ಈ ಪುಸ್ತಕದಲ್ಲಿ ಕಾಲಂ ಇಲ್ಲ. ಇರಲಿ. ತಟ್ಟೆಯ ನೀರು ನೆಟ್ಟಗೆ ನಿಂತಿದೆ.

ರೋಗಿಯ ಅಭಿಪ್ರಾಯ (ಸ್ವಹಸ್ತದಲ್ಲಿ): ಪರೀಕ್ಷಿಸಿದೆ. ಸರಿ ಇದೆ. ಮುಂದಿನ ಪರೀಕ್ಷೆ ಹದಿನೈದು ದಿನಕ್ಕೆ.

•

ಮೇ ೩೦

ಅಕ್ಕನಿಗೆ ನಮಸ್ಕಾರಗಳು.

ಲೈಸೆನ್ಸ್ ಬಂತು! ತಪಾಸಣೆಗೆ ಬಂದ ಅಧಿಕಾರಿಣಿ ನೀಲಿ ಪುಸ್ತಕವನ್ನು ಹಾಗೇ ಮಗುಚಿ ಬದಿಗಿಟ್ಟರು, ದೋಣಿ ಅವರ ಕಣ್ಣಿಗೆ ಬೀಳಲೇ ಇಲ್ಲ. ನೀನು ಕಳಿಸಿಕೊಟ್ಟ ದೂರು ಪುಸ್ತಕವನ್ನು ಮಾತ್ರ ಎರಡು ಸಲ ಓದಿದರು. 'ಇಷ್ಟು ವರ್ಷದಲ್ಲಿ ನಾನು ನೋಡಿದ ದೂರು ಪುಸ್ತಕದಲ್ಲೆಲ್ಲಾ ಅಕ್ಷರ ಇರೋದು ಇದೊಂದೇ ಕಣ್ರೀ' ಅಂದರು. ಒಂಬತ್ತು ಜನರಿಗೂ ಕೆಲಸ ಸಿಕ್ಕಿದೆ. ಆಫೀಸಿನಲ್ಲಿ ಫೋನು ಬಿಡುವಿಲ್ಲದೆ ಬಡಿದುಕೊಳ್ಳುತ್ತಿದೆ. ಎಲ್ಲ ನಿನ್ನಿಂದ.

ದೂರು ಪುಸ್ತಕ ವಾಪಸ್ ಕಳಿಸಿದ್ದೇನೆ, ಜೊತೆಗೆ ಒಂದು ಫಾರಂ ಇದೆ. ರೋಗಿ ಸಂಖ್ಯೆ ೦೦೧ರ ಅರವತ್ತು ದಿನ ಮುಗಿದಿರುವುದರಿಂದ ಕಡತ ಮುಚ್ಚಿ ಬಿಡುಗಡೆ ಮಾಡಬೇಕಂತೆ. ಪೆನ್ಸಿಲ್ ಗುರುತು ಇರುವ ಕಡೆ ಅಪ್ಪನ ಸಹಿ ಹಾಕಿಸಿ ಕಳಿಸು. ಈ ಗಡಿಬಿಡಿ ಸ್ವಲ್ಪ ತಣ್ಣಗಾಗಲಿ, ಬಂದುಬಿಡುತ್ತೇನೆ.

ನಿನ್ನ ತಮ್ಮ,
ಮುಖ್ಯ ಆಡಳಿತಾಧಿಕಾರಿ

•

ಜೂನ್ ೫

ತಮ್ಮನಿಗೆ,

ಆ ಒಂಬತ್ತು ಹೆಂಗಸರಿಗೆ ಅಭಿನಂದನೆ. ನಿನಗಲ್ಲ.

ಹದಿನೈದು ದಿನ ಮೇ ೨೬ಕ್ಕೇ ಮುಗಿಯಿತು. ಅವತ್ತು ಅಪ್ಪ ಬೆಳಿಗ್ಗೆಯೇ ಗಡ್ಡ ಮಾಡಿಸಿಕೊಂಡು ಕುರ್ಚಿಯಲ್ಲಿ ಕೂತಿದ್ದರು. ಸಂಜೆಗೆ ನಾನೇ ಎತ್ತಿ ಮಲಗಿಸಿದೆ. ಪಾಪ, ನೀನು ಲೈಸೆನ್ಸಿಗೆ ಕಟ್ಟು ಹಾಕಿಸುತ್ತಿದ್ದೆಯೋ ಏನೋ. ಆಮೇಲೆ ಈ ಫಾರಂ ಬಂತು. ಸ್ವಂತ ಅಪ್ಪನಿಗೆ ಬಿಡುಗಡೆ ಪತ್ರ! ಕೆಲಸ ಆದ ಮೇಲೆ ಏಣಿ ಒದೆಯುವವರನ್ನು ಕಂಡಿದ್ದೆ, ಏಣಿಯ ಹತ್ತಿರವೇ ಸಹಿ ಹಾಕಿಸಿಕೊಂಡು ಒದೆಯುವವನನ್ನು ಈಗ ಕಂಡೆ. ಓದದೆ ಕಳಿಸಿದ್ದೀಯ ಎಂದು ಗೊತ್ತು. ನಿನ್ನ ಜೀವಮಾನದಲ್ಲಿ ನೀನು ಯಾವುದನ್ನು ಓದಿದ್ದೀಯ?

ಅಪ್ಪ ಓದಿಸಿದರು. ಮುಖದಲ್ಲಿ ಏನೂ ಕಾಣಿಸಲಿಲ್ಲ. 'ಹದಿನಾರು' ಅಂದರು. ನನಗೆ ಅರ್ಥವಾಗಲಿಲ್ಲ. 'ಕಲಮು' ಅಂದರು. ಮಾರ್ಚಿನಲ್ಲಿ ಒಂದು ಸಲ ಕೇಳಿದ್ದು ಅವರಿಗೆ ನೆನಪಿದೆ. ಹುಡುಕಿ ಓದಿದೆ: 'ದೂರು ಬಾಕಿ ಇರುವಾಗ ರೋಗಿಯನ್ನು ಬಿಡುಗಡೆ ಮಾಡುವಂತಿಲ್ಲ.'

ಆಮೇಲೆ ತಟ್ಟೆಯಲ್ಲಿ ನೀರು ತರಿಸಿ ಹಲಗೆಯ ಮೇಲೆ ಇಡಿಸಿದರು. ನೀರು ಒಂದು ಕೂದಲೆಳೆಯಷ್ಟೂ ಅಲ್ಲಾಡದೆ ನಿಂತಿತು. ಇಬ್ಬರೂ ನೋಡಿದೆವು. 'ಸರಿಯಾಗೇ ಇದೆಯಲ್ಲಪ್ಪಾ' ಅಂದೆ. ಅವರು ನೀರನ್ನು ನೋಡಿದರು, ನನ್ನನ್ನು ನೋಡಿದರು. 'ಬರಿ' ಅಂದರು. ಈ ಸಲ ಪೆನ್ನು ನನ್ನ ಕೈಗೆ ಕೊಟ್ಟು, ಒಂದೊಂದೇ ಮಾತು ಹೇಳಿ ಬರೆಸಿದರು:

'ದೂರು ಸಂಖ್ಯೆ ೨. ಮಂಚ ಮತ್ತೆ ಎಡಕ್ಕೆ ತಗ್ಗಿದೆ.'

ಮೂವತ್ತು ವರ್ಷ ಊರಿನ ತಕ್ಕಡಿಗಳನ್ನೆಲ್ಲ ತೂಗಿದ ಮನುಷ್ಯ ಬರೆಸಿದ ಮೊದಲ ಸುಳ್ಳು ಇದು. ಕೆಳಗೆ ಮೇಲ್ವಿಚಾರಕಿಯ ದೃಢೀಕರಣ ಎಂದಿತ್ತು. ಸಹಿ ಹಾಕಿದೆ.

ಏಳು ದಿನ ಇದೆ. ಸ್ಪ್ಯಾನರ್ ಬೇಕಾಗಿಲ್ಲ.

ಅಕ್ಕ